ಡ್ರೋನ್ ಬ್ಯಾಟರಿ ದಿಢೀರನೆ ಕೈಕೊಟ್ಟರೆ



ಸಂಘದ ಪಿಕ್‌ನಿಕ್‌ನಲ್ಲಿ ಪುಟ್ಟ ಡ್ರೋನ್ ಶೇಕಡಾ 40 ಚಾರ್ಜ್ ತೋರಿಸುತ್ತಿರುವಾಗಲೇ ದೊಪ್ಪನೆ ಬಿತ್ತಲ್ಲ, ಯಾಕೆ ಎಂದು ಹಲವರು ಕೇಳಿದಿರಿ. ಪುಣ್ಯಕ್ಕೆ ಕೆಳಗೆ ಮಕ್ಕಳಿರಲಿಲ್ಲ.

ಅದರಲ್ಲಿರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಪೂರ್ತಿ ತುಂಬಿದಾಗ ಸೆಲ್ ಒಂದಕ್ಕೆ 4.2 ವೋಲ್ಟ್. ಪರದೆಯ ಶೇಕಡಾ ಲೆಕ್ಕ ಬರೀ ಅಂದಾಜು. ಡ್ರೋನ್ ಸರ್ರನೆ ಮೇಲೇರುವಾಗ ಮೋಟಾರುಗಳು ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತವೆ. ಸೆಲ್ ಹಳೆಯದಾಗಿದ್ದರೆ, ಚಳಿಗೆ ತಣ್ಣಗಾಗಿದ್ದರೆ, ಒಳಗಿನ ರೋಧ ಹೆಚ್ಚಿ ವೋಲ್ಟೇಜ್ ಕುಸಿಯುತ್ತದೆ. ಟ್ಯಾಂಕಿನಲ್ಲಿ ನೀರಿದೆ, ಆದರೆ ಪೈಪು ಕಟ್ಟಿಕೊಂಡಿದೆ, ಅಷ್ಟೇ ಕಥೆ.

ಮೊದಲು ಬ್ಯಾಟರಿ ಬದಲಿಸಿ, ಆಳೆತ್ತರದಲ್ಲೇ ಹಾರಿಸಿ ನೋಡಿ. ಸರಿಯಾಗಿ ಹಾರಿದರೆ ತಪ್ಪು ಹಳೆಯ ಬ್ಯಾಟರಿಯದು. ಮತ್ತೆ ಅದೇ ಗೋಳಾದರೆ ಕನೆಕ್ಟರ್ ಸಡಿಲವಾಗಿದೆಯೇ, ಕಪ್ಪಾಗಿದೆಯೇ ನೋಡಿ. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಬುಡಕ್ಕೆ ಕೂದಲು ಸುತ್ತಿಕೊಂಡಿರುವುದುಂಟು. ಎರಡು ಸೆಲ್ಲಿನ ಬ್ಯಾಟರಿಯಾದರೆ ಎರಡರ ವೋಲ್ಟೇಜನ್ನೂ ಬೇರೆ ಬೇರೆ ಅಳೆಯಿರಿ. ಒಂದು 4.1, ಇನ್ನೊಂದು 3.7 ಇದ್ದರೆ ಅದನ್ನು ಹಾರಿಸಬೇಡಿ.

ಪೂರಿಯಂತೆ ಉಬ್ಬಿದ ಬ್ಯಾಟರಿಯನ್ನಂತೂ ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಬೆಂಕಿ ಹತ್ತೀತು. ಅದನ್ನು ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ವಾರಗಟ್ಟಲೆ ಹಾರಿಸದಿದ್ದರೆ ಪೂರ್ತಿ ಚಾರ್ಜ್ ಮಾಡಿಡುವುದೂ ಕೆಟ್ಟದ್ದೇ. ಸೆಲ್ಲಿಗೆ ಸುಮಾರು 3.8 ವೋಲ್ಟ್ ಉಳಿಸಿ, ತಂಪು ಜಾಗದಲ್ಲಿಡಿ. ಫ್ರಿಜ್ ಅಲ್ಲ ಮತ್ತೆ!