ಪರದೆ ಕತ್ತಲಾದರೆ ಯಂತ್ರ ಸತ್ತಂತಲ್ಲ
(ಸಂಘದ ಆದಿತ್ಯವಾರದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಓದಿಗೆಂದು ಸಾಲ ಮಾಡಿ ಹಳೆಯ ಲ್ಯಾಪ್‌ಟಾಪ್ ಕೊಂಡವರು ನಮ್ಮಲ್ಲಿ ಅನೇಕರಿದ್ದೇವೆ. ಪ್ರಾವಿಡೆಂಟ್ ಫಂಡಿನ 12 ಅಂಕಿಯ ನಂಬರು, 2021ರಲ್ಲಿ ಆರಂಭವಾದ ಇ-ಶ್ರಮ್ ಕಾರ್ಡು, ಮಕ್ಕಳ ಸರ್ಟಿಫಿಕೇಟು ಎಲ್ಲವನ್ನೂ ಅದರಲ್ಲೇ ಇಟ್ಟಿರುತ್ತೇವೆ. ಒಂದು ದಿನ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಪರದೆ ಮಾತ್ರ ಕತ್ತಲು. ಗಾಬರಿಯಿಂದ ಅಂಗಡಿಗೆ ಓಡುತ್ತೇವೆ. "ಮದರ್‌ಬೋರ್ಡ್ ಹೋಯಿತು" ಎಂಬ ಒಂದೇ ಮಾತಿಗೆ ತಿಂಗಳ ಪಗಾರ ಎಣಿಸಿ ಕೊಡುತ್ತೇವೆ.

ಬಂಧುಗಳೇ, ಅಡಿಗೆಮನೆಯಲ್ಲಿ ಒಲೆ ಹೊತ್ತದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಸಿಲಿಂಡರು, ಆಮೇಲೆ ರೆಗ್ಯುಲೇಟರು, ಕೊನೆಗೆ ಬರ್ನರು ನೋಡುತ್ತೇವೆ. ಮಗ್ಗ ನಿಂತರೆ ಗಿರಣಿಯ ಅಣ್ಣಂದಿರು ಮೊದಲು ಕಡಿದ ಎಳೆಯನ್ನು ಹುಡುಕುತ್ತಾರೆ. ಇಲ್ಲಿಯೂ ಅದೇ ಕ್ರಮ.

ಒಂದು: ಚಾರ್ಜರ್ ಬೇರೆ ಪ್ಲಗ್ಗಿಗೆ ಹಾಕಿ ನೋಡೋಣ. ಪರದೆಯ ಬೆಳಕು ಹೆಚ್ಚಿಸುವ ಕೀಲಿ ಒತ್ತೋಣ.

ಎರಡು: ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲ ಕಿತ್ತು, ಬ್ಯಾಟರಿ ಹೊರಗೆ ಬರುವಂತಿದ್ದರೆ ಅದನ್ನೂ ತೆಗೆದು, ಆನ್ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯೋಣ. ಒಳಗೆ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ಬಳಿಕ ಚಾರ್ಜರ್ ಹಾಕಿ ಆನ್ ಮಾಡೋಣ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳುತ್ತವೆ. ಆದರೆ ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಲೂ ಬಾರದು, ಚಾರ್ಜಿಗೆ ಹಾಕಲೂ ಬಾರದು.

ಮೂರು: ಕ್ಯಾಪ್ಸ್‌ಲಾಕ್ ಕೀಲಿ ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಯಂತ್ರ ನಡೆಯುತ್ತಿದೆ ಎಂದು ತಿಳಿಯಬಹುದು. ಕೋಣೆ ಕತ್ತಲು ಮಾಡಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಡೋಣ. ಮಸುಕಾಗಿ ಅಕ್ಷರ ಕಂಡರೆ ಕೆಟ್ಟಿರುವುದು ಪರದೆಯ ಹಿಂಬೆಳಕು.

ನಾಲ್ಕು: ಎಚ್‌ಡಿಎಂಐ ತಂತಿಯಿಂದ ನೆರೆಯವರ ಟಿವಿಗೆ ಜೋಡಿಸೋಣ. ಅಲ್ಲಿ ಚಿತ್ರ ಬಂದರೆ ದೋಷ ಪರದೆಯಲ್ಲೋ ಅದರ ತಂತಿಯಲ್ಲೋ ಇದೆ. ಮದರ್‌ಬೋರ್ಡ್ ಬದಲಿಸುವ ಮಾತು ಸುಲಭಕ್ಕೆ ಒಪ್ಪಬಾರದು. ಎಲ್ಲಿಯೂ ಚಿತ್ರ ಬರದೆ 'ಬೀಪ್ ಬೀಪ್' ಸದ್ದು ಬಂದರೆ, ಎಷ್ಟು ಸಲ ಬಂತೆಂದು ಬರೆದಿಡೋಣ. ಅದು ಯಂತ್ರ ತಾನೇ ಹೇಳುವ ದೂರು. ಅನೇಕ ಸಲ ರ್‍ಯಾಮ್ ಎಂಬ ಪಟ್ಟಿ ಸಡಿಲವಾಗಿರುತ್ತದೆ. ಅದನ್ನು ತೆಗೆದು ಒರೆಸಿ ಕೂಡಿಸುವುದು ತಿಳಿದವರಿಗೆ ಕೆಲವೇ ನಿಮಿಷದ ಕೆಲಸ.

ಇಷ್ಟಾದರೂ ಏಳದಿದ್ದರೆ ಅಂಗಡಿಗೆ ಹೋಗಲೇಬೇಕು. ಆದರೆ ತಿಳಿದು ಹೋಗೋಣ. ನಮ್ಮ ಕಾಗದಪತ್ರ ಇರುವುದು ಪರದೆಯಲ್ಲಲ್ಲ, ಡಿಸ್ಕಿನಲ್ಲಿ. ಪರದೆ ಕೆಟ್ಟ ಮಾತ್ರಕ್ಕೆ ಅವು ಅಳಿಯುವುದಿಲ್ಲ. 'ಫಾರ್ಮಾಟ್' ಮಾಡಿದರೆ ಅಳಿಯುತ್ತವೆ. ಆದುದರಿಂದ "ನಮ್ಮನ್ನು ಕೇಳದೆ ಫಾರ್ಮಾಟ್ ಮಾಡಕೂಡದು" ಎಂದು ರಸೀತಿಯ ಮೇಲೆ ಬರೆಸೋಣ. ಖರ್ಚು ಮೊದಲೇ ಕೇಳೋಣ, ಬದಲಿಸಿದ ಹಳೆಯ ಭಾಗ ವಾಪಸು ಪಡೆಯೋಣ. ಒಬ್ಬರೇ ಹೋಗದೆ ಇಬ್ಬರು ಹೋಗೋಣ.

ಯಂತ್ರ ಸರಿಯಾದ ದಿನವೇ ಮುಖ್ಯ ಕಾಗದಗಳನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಪೆಟ್ಟಿಗೆಯಲ್ಲಿಡೋಣ. ಹನ್ನೆರಡು ತಾಸು ನಿಂತು ದುಡಿದ ಹಣ ನಮ್ಮದು. ಅದು ಒಂದು ಸಡಿಲ ಪಟ್ಟಿಗಾಗಿ ಕೈಬಿಟ್ಟು ಹೋಗಬಾರದು.