ಕಾಟಾಕ್ಕೆ ಹಾಕಬಹುದಾದ ಜಗಳ, ಹಾಕಲಾಗದ ಜಗಳ



ರಾಯಬಾಗ ತಾಲ್ಲೂಕಿನ ಪಾಲಬಾವಿ ಕಡೆ ಕಬ್ಬಿನ ಕಟಾವು ಮುಗಿದ ಮೇಲೆ ಹೊಲದ ತುಂಬ ರವದಿ, ಅಂದರೆ ಕಬ್ಬಿನ ಒಣ ಎಲೆ, ಉಳಿಯುತ್ತದೆ. ಮನೆಯಲ್ಲಿ ವಾದವೂ ಶುರುವಾಗುತ್ತದೆ. "ಬೆಂಕಿ ಹಚ್ಚೋ, ಹೊಲಾ ಹಸನಾಗತೈತಿ, ಕುಳೆ ಚಲೋ ಒಡೀತೈತಿ" ಎನ್ನುತ್ತಾರೆ ಅಪ್ಪ. "ಬ್ಯಾಡಪ್ಪಾ, ಸಾಲಿನ ನಡುವ ಹಾಸೂಣು, ಹಸಿ ಉಳೀತೈತಿ" ಎನ್ನುತ್ತಾನೆ ಮಗ.

ಇವೆರಡೂ ಅಭಿಪ್ರಾಯಗಳು. ಸುಟ್ಟರೆ ರವದಿಯಲ್ಲಿನ ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತದೆ, ಹಾಸಿದರೆ ತೇವ ಉಳಿದು ಕಳೆ ತಗ್ಗುತ್ತದೆ ಎನ್ನುತ್ತಾರೆ ಕೃಷಿ ವಿಜ್ಞಾನಿಗಳು. ಅವರ ಮಾತನ್ನೂ ಸುಮ್ಮನೆ ಒಪ್ಪಬೇಕಿಲ್ಲ. ಅರ್ಧ ಹೊಲ ಸುಡಿ, ಅರ್ಧ ಹಾಸಿ. ಎಷ್ಟು ಸಲ ನೀರು ಬಿಟ್ಟಿರಿ ಬರೆದಿಡಿ. ಮುಂದಿನ ಹಂಗಾಮಿಗೆ ಎರಡೂ ಕಡೆಯ ಕಬ್ಬನ್ನು ಬೇರೆ ಬೇರೆಯಾಗಿ ಕಾಟಾಕ್ಕೆ, ಅಂದರೆ ತೂಕಕ್ಕೆ, ಹಾಕಿ. ತೀರ್ಪು ಸಿಗುತ್ತದೆ.

ಇನ್ನು ಕಾಟಾಕ್ಕೆ ಹಾಕಲಾಗದ ಸೋಮವಾರದ ಮಾತು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಅಂದು ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಒಂದು ದಿನದ ಬಿಡುವಿನಿಂದ ಎತ್ತಿಗೆ ಲಾಭವಿಲ್ಲವೆಂದು ಯಾರಾದರೂ ಲೆಕ್ಕ ಹಾಕಿ ತೋರಿಸಿದರೂ ಆ ಮನೆಯವರು ನೊಗ ಹೇರಲಾರರು. ಲಾಭಕ್ಕಾಗಿ ಹಿಡಿದ ವ್ರತವಲ್ಲ ಅದು. ಇದು ನಂಬಿಕೆ.

ಹಾಗಾದರೆ ಅಭಿಪ್ರಾಯ ಯಾವುದು, ನಂಬಿಕೆ ಯಾವುದು ಎಂದು ಗುರುತಿಸುವುದು ಹೇಗೆ? "ಏನು ಕಂಡರೆ ನಿಮ್ಮ ಮಾತು ಬದಲಿಸುತ್ತೀರಿ?" ಎಂದು ಕೇಳಿ. ತೂಕ, ಇಳುವರಿ, ಖರ್ಚು ಎಂಬ ಉತ್ತರ ಬಂದರೆ ಅಭಿಪ್ರಾಯ. "ಏನು ಕಂಡರೂ ಬದಲಿಸುವುದಿಲ್ಲ" ಎಂದರೆ ನಂಬಿಕೆ.

ಜಗಳ ಬಿಗಿಯಾಗುವುದು ಒಂದು ಇನ್ನೊಂದರ ವೇಷ ಹಾಕಿದಾಗ. "ನಮ್ಮಪ್ಪನೂ ಹಿಂಗ ಸುಡತಿದ್ದ" ಎಂದ ಕೂಡಲೇ ವಿಷಯ ರವದಿಯಿಂದ ಹಿರಿಯರ ಮರ್ಯಾದೆಗೆ ಜಾರುತ್ತದೆ. "ನಿಮಗೇನ ತಿಳೀತೈತಿ" ಎಂದು ಮಗ ತಿರುಗಿ ಅಂದರೆ ಮುಗಿಯಿತು, ಆ ವರ್ಷ ಬೆಂಕಿ ಬಿದ್ದೇ ಬೀಳುತ್ತದೆ. ಅಜ್ಜನ ಮೇಲಿನ ಗೌರವ ಬೇರೆ, ರವದಿಯ ಲೆಕ್ಕ ಬೇರೆ ಎಂದು ಬಿಡಿಸಿ ಹೇಳಿದರೆ ಇಬ್ಬರೂ ಹೊಲಕ್ಕೆ ಹೋಗಿ ನೋಡಬಹುದು.

ನಂಬಿಕೆ ಎಂದ ಮಾತ್ರಕ್ಕೆ ಎಲ್ಲಕ್ಕೂ ರಿಯಾಯಿತಿಯಿಲ್ಲ. ಸಂವಿಧಾನದ 25ನೇ ವಿಧಿ ನಂಬಿಕೆಯ ಸ್ವಾತಂತ್ರ್ಯ ಕೊಟ್ಟಿದೆ. ಅದೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ನನ್ನ ಎತ್ತಿಗೆ ನಾನು ಬಿಡುವು ಕೊಡಬಹುದು. ನೆರೆಯವನನ್ನು ಗುಡಿಯ ಹೊರಗೆ ನಿಲ್ಲಿಸಲು ನನ್ನ ನಂಬಿಕೆಗೆ ಹಕ್ಕಿಲ್ಲ.

ಆದ್ದರಿಂದ ಮುಂದಿನ ಸಲ ಕಟ್ಟೆಯ ಮೇಲೆ ದನಿ ಏರಿದಾಗ, ಗೆಲ್ಲುವ ಮುಂಚೆ ಆ ಒಂದು ಪ್ರಶ್ನೆ ಕೇಳಿ. ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ.