ಯಂತ್ರ ಕೆಟ್ಟಿದೆಯೋ, ಪರದೆ ಕೆಟ್ಟಿದೆಯೋ?

ರೇಡಿಯೋ ಗರಗರ ಎನ್ನತೊಡಗಿದರೆ ನಾವು ಪೆಟ್ಟಿಗೆಯನ್ನು ಎತ್ತಿ ಹೊರಗೆ ಎಸೆಯುವುದಿಲ್ಲ. ಮುಳ್ಳು ಸರಿಯಾದ ಸ್ಥಳದಲ್ಲಿದೆಯೇ ಎಂದು ಮೊದಲು ನೋಡುತ್ತೇವೆ. ಆಮೇಲೆ ಏರಿಯಲ್ ತಂತಿಯನ್ನು ಅತ್ತಿತ್ತ ಸರಿಸುತ್ತೇವೆ. ಹೊರಗೆ ಗುಡುಗು-ಮಿಂಚು ಇದೆಯೇನೋ ಎಂದು ಇಣಿಕಿ ನೋಡುತ್ತೇವೆ. ಇಷ್ಟಾದ ಮೇಲೆಯೇ ದುರಸ್ತಿಯವನ ನೆನಪು. ದೋಷ ಎಲ್ಲಿದೆಯೆಂದು ತಿಳಿಯದೆ ದುಡ್ಡು ಬಿಚ್ಚಬಾರದೆಂಬ ಈ ವಿವೇಕ ರೇಡಿಯೋ ಇಟ್ಟುಕೊಂಡ ಪ್ರತಿಯೊಂದು ಮನೆಗೂ ಗೊತ್ತು. ಮನೆಯ ಕಂಪ್ಯೂಟರಿನ ವಿಷಯದಲ್ಲಿಯೂ ಅದನ್ನೇ ಪಾಲಿಸಿರೆಂದು ಹೇಳುವುದು ಈ ಭಾಷಣದ ಉದ್ದೇಶ.

ಇಳಕಲ್ಲಿನಲ್ಲಿ ನನ್ನ ಬಂಧುಗಳದೊಂದು ನೇಕಾರರ ಮನೆ. ಮನೆಯಲ್ಲಿ ಎರಡು ಮಗ್ಗ, ಒಂದು ಹಳೆಯ ಕಂಪ್ಯೂಟರು. ಕಾಲೇಜಿಗೆ ಹೋಗುವ ಮಗಳ ಅಭ್ಯಾಸಕ್ಕೂ ಅರ್ಜಿಗಳಿಗೂ ಸೀರೆಗಳ ಲೆಕ್ಕಕ್ಕೂ ಅದೊಂದೇ ಆಧಾರ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ ೧೧ ಆ ಹಳೆಯ ಯಂತ್ರದ ಮೇಲೆ ನಿಲ್ಲುವಂತಿರಲಿಲ್ಲ. ಹೊಸದನ್ನು ಕೊಳ್ಳೋಣವೆಂದರೆ ಅದರ ಬೆಲೆ ತಿಂಗಳುಗಟ್ಟಲೆ ನೆಯ್ದ ಕೂಲಿ. ಆದ್ದರಿಂದ ಹುಡುಗಿ ಗೆಳತಿಯೊಬ್ಬಳ ನೆರವಿನಿಂದ ಅದಕ್ಕೆ ಲಿನಕ್ಸ್ ಹಾಕಿಕೊಂಡಳು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಮುಂದೆ ಲೋಕದ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ ವ್ಯವಸ್ಥೆ ಇದು. ಹಣ ಕೊಡದೆ ಯಾರು ಬೇಕಾದರೂ ಬಳಸಬಹುದು.

ಹಾಕಿದ್ದೇನೋ ಸರಿ, ಆದರೆ ಒಂದು ಕಿಟಕಿ ತೆರೆದರೆ ಯಂತ್ರ ತೊದಲುತ್ತಿತ್ತು. ಕನ್ನಡದ ಒತ್ತಕ್ಷರಗಳು ಕಾಲು ಕತ್ತರಿಸಿದಂತೆ ಕಾಣುತ್ತಿದ್ದವು. "ಮಷೀನೇ ಕೆಟ್ಟದ, ಗುಜರಿಗೆ ಹಾಕೂಣು" ಎಂದು ಮನೆಯವರು ತೀರ್ಮಾನಿಸಿದ್ದ ಹೊತ್ತಿಗೆ ಬಾಗಲಕೋಟೆಯಿಂದ ನಾನು ಅಲ್ಲಿಗೆ ಹೋದೆ.

ಮೊದಲು ನಿಧಾನದ ಮಾತು. ಸಾಧಾರಣ ಹಳೆಯ ಪರದೆಯೊಂದರಲ್ಲಿ ಅಡ್ಡಕ್ಕೆ ೧೩೬೬, ಉದ್ದಕ್ಕೆ ೭೬೮ ಚುಕ್ಕಿಗಳು. ಒಟ್ಟು ಹತ್ತೂವರೆ ಲಕ್ಷ. ಒಂದೊಂದು ಚುಕ್ಕಿಯ ಬಣ್ಣಕ್ಕೆ ನಾಲ್ಕು ಬೈಟ್‌ನಂತೆ, ಸೆಕೆಂಡಿಗೆ ೬೦ ಸಲ ಚಿತ್ರ ಕಳಿಸಬೇಕಾದರೆ ಸೆಕೆಂಡಿಗೆ ಸುಮಾರು ೨೫ ಕೋಟಿ ಬೈಟ್‌ಗಳಷ್ಟು ಸಾಗಾಟ. ಚಿತ್ರ ಬರೆಯುವ ಈ ಕೆಲಸಕ್ಕೆ ಕಂಪ್ಯೂಟರಿನೊಳಗೆ ಬೇರೆಯೇ ಒಬ್ಬ ಕೆಲಸಗಾರನಿದ್ದಾನೆ. ಅವನಿಗೆ ಗ್ರಾಫಿಕ್ಸ್ ಚಿಪ್ಪು ಎನ್ನುತ್ತಾರೆ. ಅವನೊಡನೆ ಮಾತಾಡಬಲ್ಲ ಡ್ರೈವರ್ ಎಂಬ ತಂತ್ರಾಂಶ ಇಲ್ಲದೆ ಹೋದರೆ ಈ ಹೊರೆಯೂ ಮುಖ್ಯ ಯಂತ್ರದ ತಲೆಯ ಮೇಲೆಯೇ ಬೀಳುತ್ತದೆ. ಮಗ್ಗದ ಮೇಲೆ ಕುಳಿತವನೇ ನಡುನಡುವೆ ಎದ್ದು ಕಂಡಿಕೆ ಸುತ್ತಬೇಕಾದರೆ ಸೀರೆ ಮುಗಿಯುವುದು ಯಾವಾಗ? ಇದನ್ನು ನೀವೇ ಪರೀಕ್ಷಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರ ಕೊಡುವ ಪುಟದಲ್ಲಿ ಗ್ರಾಫಿಕ್ಸ್ ಎಂಬ ಸಾಲು ಇರುತ್ತದೆ. ಅಲ್ಲಿ ಚಿಪ್ಪಿನ ಹೆಸರಿನ ಬದಲು 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಡ್ರೈವರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ.

ನಮ್ಮ ಯಂತ್ರದಲ್ಲಿ ಆ ಸಾಲು ಸರಿಯಾಗಿಯೇ ಇತ್ತು. ಹಾಗಾದರೆ ಭಾರ ಎಲ್ಲಿಯದು? ಲಿನಕ್ಸ್‌ನಲ್ಲಿ ಒಳಗಿನ ಯಂತ್ರವ್ಯವಸ್ಥೆಯೇ ಬೇರೆ, ಕಣ್ಣಿಗೆ ಕಾಣುವ ಮೇಜು ಬೇರೆ. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯುಟಿ ಎಂದು ಈ ಮೇಜುಗಳು ಹಲವು. ಗ್ನೋಮ್‌ಗೆ ನೆರಳು, ಜಾರಾಟ ಮೊದಲಾದ ಅಲಂಕಾರ ಹೆಚ್ಚು, ಸ್ಮೃತಿಕೋಶವೂ ಹೆಚ್ಚು ಬೇಕು. ಎಕ್ಸ್‌ಎಫ್‌ಸಿಇ ಅಷ್ಟು ಕೇಳುವುದಿಲ್ಲ. ನಾನು ಅದನ್ನೇ ಹಾಕಿದೆ. ಇನ್ನೂ ಹಗುರವಾಗಲೆಂದು ಕಂಪೋಸಿಟರ್ ಎಂಬುದನ್ನೂ ಆರಿಸಿಬಿಟ್ಟೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನಿಗೆ ಕಂಪೋಜಿಟರ್ ಎನ್ನುತ್ತಿದ್ದರಲ್ಲ, ಹೆಸರು ಅದೇ. ಎಲ್ಲ ಕಿಟಕಿಗಳನ್ನೂ ಮರೆಯಲ್ಲಿ ಜೋಡಿಸಿ ಪೂರ್ಣ ಚಿತ್ರ ಮಾಡುವವನು ಇವನು. ಯಂತ್ರ ಚುರುಕಾಯಿತು. ನಾನು ಬೀಗಿದೆ.

ಬೀಗಿದ್ದು ಹತ್ತು ನಿಮಿಷ. ಹುಡುಗಿ ವೀಡಿಯೋ ಪಾಠವೊಂದನ್ನು ಹಚ್ಚಿದಳು. ಚಿತ್ರ ಸರಿಯುವಾಗಲೆಲ್ಲ ನಡುವೆ ಅಡ್ಡಲಾಗಿ ಸೀಳಿ, ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಇನ್ನೊಂದು ಕಡೆ! ಇದರ ಕಾರಣವನ್ನು ಆ ಮನೆಯಲ್ಲಿ ವಿವರಿಸುವುದು ಕಷ್ಟವಾಗಲಿಲ್ಲ. ಪರದೆ ಚಿತ್ರವನ್ನು ಒಮ್ಮೆಲೇ ತೋರಿಸುವುದಿಲ್ಲ. ಹೊಕ್ಕಿನ ಎಳೆ ಒಂದಾದ ಮೇಲೊಂದು ಕೂಡುವಂತೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ತೋರಿಸುತ್ತದೆ. ಅದು ಅರ್ಧಕ್ಕೆ ಬಂದಾಗ ಒಳಗಿನಿಂದ ಯಾರೋ ಹೊಸ ಚಿತ್ರವನ್ನು ತಂದಿಟ್ಟರೆ, ಮೇಲರ್ಧ ಹಳೆಯದು, ಕೆಳಗಿನರ್ಧ ಹೊಸದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಕೂಡಿಸುವುದು ಕೊಂಡಿ ಹಾಕುವಲ್ಲಿಯೇ. ಒಡಲಿನ ನಡುವೆ ಯಾರೂ ಸೆರಗು ತಂದು ಸೇರಿಸುವುದಿಲ್ಲ. ಪರದೆಗೂ ಅಂಥದೊಂದು ಕೊಂಡಿಯ ಜಾಗವಿದೆ. ಒಂದು ಚಿತ್ರ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಕ್ಷಣ ಅದು. ಆ ಕ್ಷಣಕ್ಕೆ ಕಾದು ಚಿತ್ರ ಬದಲಿಸುವುದಕ್ಕೆ ವಿಸಿಂಕ್ ಎನ್ನುತ್ತಾರೆ. ಎಕ್ಸ್‌ಎಫ್‌ಸಿಇಯಲ್ಲಿ ಅದು ೨೦೧೯ರ ೪.೧೪ನೆಯ ಆವೃತ್ತಿಯಿಂದ ಇದೆ, ಆದರೆ ಕಂಪೋಸಿಟರ್ ಮೂಲಕವೇ ನಡೆಯುತ್ತದೆ. ನಾನು ಹಗುರ ಮಾಡಲು ಹೋಗಿ ಕೊಂಡಿ ಹಾಕುವವನನ್ನೇ ಮನೆಗೆ ಕಳಿಸಿದ್ದೆ! ಅವನನ್ನು ಮತ್ತೆ ಕರೆದೆ, ಸೀಳು ಮಾಯವಾಯಿತು. ಯಂತ್ರ ಎಳ್ಳಷ್ಟು ನಿಧಾನವಾಯಿತು, ಆದರೆ ಕಣ್ಣಿಗೆ ನೆಮ್ಮದಿ.

ಇನ್ನೊಂದು ಬಗೆಯ ದೋಷವನ್ನು ಹುನಗುಂದದ ಶಾಲೆಯೊಂದರಲ್ಲಿ ನೋಡಿದೆ. ನಮ್ಮ ಸರಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಲಿನಕ್ಸ್ ಹೊಸದಲ್ಲ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟುವನ್ನೇ ಬಳಸುತ್ತಿದ್ದರು. ಇಲ್ಲಿ ಪ್ರೊಜೆಕ್ಟರಿಗೆ ಜೋಡಿಸಿದೊಡನೆ ಅಕ್ಷರಗಳು ಮಸುಕಾಗುತ್ತಿದ್ದವು. ಪ್ರತಿಯೊಂದು ಪರದೆಗೂ ತನ್ನದೇ ಚುಕ್ಕಿಗಳ ಲೆಕ್ಕವಿದೆ. ಬೇರೆ ಲೆಕ್ಕದ ಚಿತ್ರವನ್ನು ಎಳೆದು ಹಿಗ್ಗಿಸಿ ಕೂಡಿಸಿದರೆ ಅಂಚುಗಳು ಕದಡುತ್ತವೆ. ೧೯೮೭ರಿಂದ ಬಂದ ಎಕ್ಸ್೧೧ ಎಂಬ ಹಳೆಯ ಪದ್ಧತಿಯಲ್ಲಿ ಎರಡು ಪರದೆಗಳಿಗೆ ಎರಡು ಅಳತೆ ಕೊಡುವುದು ತೊಡಕಿನ ಕೆಲಸ. ೨೦೦೮ರಲ್ಲಿ ಆರಂಭವಾದ ವೇಲ್ಯಾಂಡ್‌ನಲ್ಲಿ ಇದು ಸುಲಭ. ಪರದೆಯನ್ನು ಅದರ ಸ್ವಂತ ಅಳತೆಯಲ್ಲೇ ಇಟ್ಟು, ಬರಹದ ಗಾತ್ರವನ್ನಷ್ಟೇ ಹೆಚ್ಚಿಸಿದೆವು. ಹಿಂದಿನ ಬೆಂಚಿನವರಿಗೂ ಓದಲು ಬಂದಿತು.

ಇನ್ನು ಉಳಿದದ್ದು ಕನ್ನಡ ಅಕ್ಷರ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ, ೫೭೮ನೆಯ ಇಸವಿಯ ಬರಹವಿದೆ. ಕೆರೆಯ ಬಳಿಯ ಬಂಡೆಯ ಮೇಲೆ ಸುಮಾರು ೭೦೦ರ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಅತಿ ಹಳೆಯ ಮಾದರಿ ಅದರಲ್ಲಿಯೇ ಸಿಗುತ್ತದೆ. ಕಲ್ಲುಕುಟಿಗ ಒಮ್ಮೆ ಕೆತ್ತಿದ. ಸಾವಿರದ ಮುನ್ನೂರು ವರ್ಷ ಅದು ಹಾಗೆಯೇ ನಿಂತಿದೆ. ಪರದೆಯ ಅಕ್ಷರದ ಪಾಡು ಬೇರೆ. 'ಸ್ತ್ರೀ' ಎಂಬ ಒಂದೇ ಅಕ್ಷರ ಕಂಪ್ಯೂಟರಿನ ಒಳಗೆ ಆರು ಸಂಕೇತಗಳ ಸಾಲು. ಹಾರ್ಫ್‌ಬಜ್‌ನಂತಹ ತಂತ್ರಾಂಶವು ಅವನ್ನು ಕೂಡಿಸಿ, ಯಾವ ಒತ್ತು ಕೆಳಗೆ, ಯಾವ ಗುಣಿತ ಮೇಲೆ ಎಂದು ತೀರ್ಮಾನಿಸಿದ ಮೇಲೆಯೇ ಅಕ್ಷರ ಮೂಡುವುದು. ಲ್ಯಾಟಿನ್ ಅಕ್ಷರದ ಎತ್ತರಕ್ಕೆ ಅಳೆದ ಸಾಲಿನಲ್ಲಿ ನಮ್ಮ ಎರಡು ಅಂತಸ್ತಿನ ಒತ್ತು ಹಿಡಿಸುವುದಿಲ್ಲ, ಕಾಲು ಕತ್ತರಿಸುತ್ತದೆ. ಆ ಹುಡುಗಿಯ ಯಂತ್ರದಲ್ಲಿ ಆದದ್ದು ಇದೇ. ಗುಬ್ಬಿ, ನವಿಲು, ಲೋಹಿತ್, ನೋಟೋ ಎಂಬ ಉಚಿತ ಕನ್ನಡ ಫಾಂಟ್‌ಗಳಿವೆ. ಒಂದೊಂದನ್ನೇ ಹಚ್ಚಿ ನೋಡಿದೆವು. ಹೆಚ್ಚಿನ ಕಡೆ ಸರಿಹೋಯಿತು, ಒಂದೆರಡು ಕಡೆ ಉಳಿಯಿತು.

ಉಳಿದುದಕ್ಕೆ ಉಪಾಯ ನಮ್ಮ ಕೈಯಲ್ಲಿದೆ. ಈ ತಂತ್ರಾಂಶ ಬರೆಯುವವರು ಎಲ್ಲೆಲ್ಲಿಯವರೋ. ಹೆಚ್ಚಿನವರು ಕನ್ನಡ ಬಲ್ಲವರಲ್ಲ. ಒತ್ತಿನ ಕಾಲು ಮುರಿದಿದ್ದರೂ ಅವರ ಕಣ್ಣಿಗೆ ಅದು ಸರಿಯಾದ ಅಕ್ಷರವೇ. ನಾವು ಹೇಳದಿದ್ದರೆ ಇನ್ನಾರು ಹೇಳಬೇಕು? ಪರದೆಯ ಚಿತ್ರ ತೆಗೆದು, ಪಕ್ಕದಲ್ಲಿ ಸರಿಯಾದ ರೂಪ ಬರೆದು ಕಳಿಸಿದರೆ ತಿದ್ದುವವರಿದ್ದಾರೆ. ಆ ಹುಡುಗಿ ಎರಡು ದೂರು ಬರೆದು ಕಳಿಸಿದ್ದಾಳೆ.

ಒಂದು ಮಾತು ಮುಚ್ಚಿಡಬಾರದು. ಮೇಜು ಬದಲಿಸಿದ ಮಾತ್ರಕ್ಕೆ ಮುದುಕ ಯಂತ್ರ ಹರೆಯದ್ದಾಗುವುದಿಲ್ಲ. ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟರೆ ಯಾವ ಹಗುರ ಮೇಜೂ ಕಾಪಾಡಲಾರದು. ತಿರುಗುವ ಹಳೆಯ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದು, ಸ್ವಲ್ಪ ಖರ್ಚು ಮಾಡುವುದಾದರೆ, ಮೊದಲು ಮಾಡಬೇಕಾದ ಖರ್ಚು.

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ಏರಿದಾಗ ಬಾಗಿಲು-ಚೌಕಟ್ಟುಗಳನ್ನು ಬಿಚ್ಚಿ ನವನಗರಕ್ಕೆ ತಂದು ಕೂಡಿಸಿದ ಜನ ನಾವು. ಯಾವುದನ್ನು ಬಿಡಬೇಕು, ಯಾವುದು ಇನ್ನೂ ಬಾಳುತ್ತದೆ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮ ಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರು ಧೂಳು ತಿನ್ನುತ್ತಿದ್ದರೆ, ಗುಜರಿಯವನನ್ನು ಕರೆಯುವ ಮುಂಚೆ ಒಂದು ಭಾನುವಾರ ಅದರ ಮುಂದೆ ಕೂಡ್ರಿರಿ. ಇಳಕಲ್ಲಿನ ಆ ಯಂತ್ರ ಈಗಲೂ ಮಗ್ಗದ ಪಕ್ಕದಲ್ಲಿಯೇ ಇದೆ. ಹುಡುಗಿ ಈ ವರ್ಷದ ಅರ್ಜಿಯನ್ನು ಅದರಲ್ಲಿಯೇ ತುಂಬಿದಳು.